ಸೆಕೆಂಡ್ ಹ್ಯಾಂಡ್ ಬೂಟು ಕೊಳ್ಳುವ ಮುಂಚೆ ಅಟ್ಟೆ ನೋಡಿ

ನನ್ನ ಹತ್ತಿರ ಒಂದು ಜೊತೆ ಬೂಟಿದೆ. ಕಡುಗೆಂಪು ಬಣ್ಣ, ಲೇಸಿಗೆ ಎಂಟು ಜೊತೆ ತೂತು, ಅಟ್ಟೆಯ ಸುತ್ತ ಹಳದಿ ದಾರದ ಹೊಲಿಗೆ. ಡಾಕ್ಟರ್ ಮಾರ್ಟೆನ್ಸ್ ಅನ್ನುವ ಇಂಗ್ಲೆಂಡಿನ ಬ್ರ್ಯಾಂಡು, 1460 ಅನ್ನುವುದು ಮಾಡೆಲ್ಲಿನ ಹೆಸರು. ನಾನು ಹಾಕಿಕೊಳ್ಳಲು ಶುರು ಮಾಡಿ ನಾಲ್ಕು ವರ್ಷ ಆಯಿತು, ನನಗಿಂತ ಮುಂಚೆ ಯಾರು ಎಷ್ಟು ವರ್ಷ ಮೆಟ್ಟಿದ್ದರೋ ಆ ಬೂಟಿಗೇ ಗೊತ್ತು. ಹೊಸದು ತಗೊಳ್ಳಲು ಹೋದರೆ ಐದಂಕಿ ದುಡ್ಡು. ನನಗೆ ಬಿದ್ದದ್ದು 1,400 ರೂಪಾಯಿ. ಬೆಂಗಳೂರಿನ ಚಿಕ್ಕಪೇಟೆ ಹತ್ತಿರದ ಭಾನುವಾರದ ಬಜಾರಿನಲ್ಲಿ, ನೀಲಿ ಟಾರ್ಪಾಲಿನ ಮೇಲೆ, ಮುಚ್ಚಳ ಇಲ್ಲದ ಮಿಕ್ಸಿ ಜಾರು ಮತ್ತು ಟೀವಿ ರಿಮೋಟುಗಳ ರಾಶಿಯ ಪಕ್ಕ ಕೂತಿತ್ತು.

ಅದೃಷ್ಟ ಅಂತೀರಾ? ಸ್ವಲ್ಪ ಹೌದು. ಆದರೆ ಅದಕ್ಕೂ ಮುಂಚೆ ಎರಡು ಜೊತೆ ತಗೊಂಡು ದುಡ್ಡು ಕಳಕೊಂಡಿದ್ದೆ. ಆ ಎರಡು ಜೊತೆ ಕಲಿಸಿದ ಪಾಠ, ಜೊತೆಗೆ ನಮ್ಮ ಬಸ್ ಸ್ಟಾಪಿನ ಹತ್ತಿರ ಚಪ್ಪಲಿ ರಿಪೇರಿ ಮಾಡುವ ಹಿರಿಯರೊಬ್ಬರು ಬೈದು ಹೇಳಿಕೊಟ್ಟ ಪಾಠ, ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಯಾವುದಕ್ಕೆ ಬೇಕು ಅನ್ನುವುದು ಮೊದಲು

ಬೈಕ್ ಓಡಿಸಲಿಕ್ಕಾ, ಮಳೆಗಾಲಕ್ಕಾ, ಆಫೀಸಿಗಾ, ಬೆಟ್ಟ ಹತ್ತಲಿಕ್ಕಾ? ಇದನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳಿ. ಬಜಾರಿನಲ್ಲಿ ನಿಂತಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಬೆಟ್ಟ ಹತ್ತಲಿಕ್ಕೆ ಅಂದರೆ ದಯವಿಟ್ಟು ಹಳೆಯದು ಬೇಡ. ನನ್ನ ಮೊದಲ ಜೊತೆ ಅದೇ. ಹೊರದೇಶದ ಟ್ರೆಕ್ಕಿಂಗ್ ಬೂಟು, ಮೇಲೆ ಒಂದು ಗೀರಿಲ್ಲ, ಅಟ್ಟೆಯ ಹಲ್ಲುಗಳೂ ಸವೆದಿರಲಿಲ್ಲ. 900 ರೂಪಾಯಿಗೆ ಸಿಕ್ಕಿತು ಅಂತ ಊರೆಲ್ಲ ಹೇಳಿಕೊಂಡು ಬಂದೆ. ಡಿಸೆಂಬರಿನಲ್ಲಿ ಕುಮಾರ ಪರ್ವತಕ್ಕೆ ಹೋದೆವು. ಕುಕ್ಕೆ ಕಡೆಯಿಂದ ಹತ್ತಿ ಗಿರಿಗದ್ದೆ ದಾಟಿದ ಮೇಲೆ ಬಲಗಾಲಿನಲ್ಲಿ ಏನೋ ಪಟಪಟ ಅನ್ನಲು ಶುರುವಾಯಿತು. ನೋಡಿದರೆ ಅಟ್ಟೆ ಬಾಯಿ ಬಿಟ್ಟುಕೊಂಡಿದೆ. ಅರ್ಧ ಗಂಟೆಯಲ್ಲಿ ಎಡಗಾಲಿನದೂ ಹಾಗೇ. ಒಳಗಿದ್ದ ಫೋಮು ಟೀಗೆ ಅದ್ದಿದ ರಸ್ಕಿನ ಹಾಗೆ ಉದುರುತ್ತಿತ್ತು. ಬ್ಯಾಗಿನ ದಾರ ಬಿಚ್ಚಿ ಅಟ್ಟೆಗೆ ಸುತ್ತಿ ಕಟ್ಟಿಕೊಂಡು ಇಳಿದದ್ದು ನಾನು. 1,712 ಮೀಟರ್ ಎತ್ತರದ ತುದಿ ನೋಡಿ ಬಂದದ್ದು ಉಳಿದವರು.

ಯಾಕೆ ಹೀಗೆ ಅಂದರೆ, ತುಂಬಾ ಟ್ರೆಕ್ಕಿಂಗ್ ಬೂಟುಗಳಲ್ಲಿ ಅಟ್ಟೆಗೂ ಮೇಲಿನ ಚರ್ಮಕ್ಕೂ ನಡುವೆ ಪಾಲಿಯುರಿಥೇನ್ ಅನ್ನುವ ಫೋಮು ಇರುತ್ತದೆ. ಗಾಳಿಯಲ್ಲಿರುವ ತೇವ ಅದನ್ನು ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಹಾಕಿಕೊಂಡರೂ ಕೆಡುತ್ತದೆ, ಹಾಕದೆ ಡಬ್ಬದಲ್ಲಿ ಇಟ್ಟರೂ ಕೆಡುತ್ತದೆ. ನಮ್ಮ ಮಲೆನಾಡು, ಕರಾವಳಿಯ ತೇವದಲ್ಲಿ ಕೇಳಲೇಬೇಡಿ. ಎಲ್ಲ ಫೋಮೂ ಹೀಗಲ್ಲ, ಸರಿ. ಆದರೆ ಬೀದಿಯಲ್ಲಿ ನಿಂತುಕೊಂಡು ಇದು ಯಾವ ಫೋಮು ಅಂತ ಹೇಳುವುದು ಯಾರಿಂದಲೂ ಆಗುವ ಕೆಲಸ ಅಲ್ಲ. ಎಷ್ಟೇ ಆಸೆಯಾದರೂ ಒಂದು ಪರೀಕ್ಷೆ ಮಾಡಿ. ಹೆಬ್ಬೆರಳಿನ ಉಗುರಿನಿಂದ ಆ ಫೋಮನ್ನು ಜೋರಾಗಿ ಒತ್ತಿ. ಪುಡಿ ಉದುರಿದರೆ, ಬಿರುಕು ಬಿಟ್ಟರೆ, ಅಂಟಂಟು ಅನ್ನಿಸಿದರೆ ಅಲ್ಲೇ ಇಟ್ಟು ಮುಂದೆ ಹೋಗಿ.

ಹಳೆಯದಾದರೂ ಭರವಸೆಯಿಂದ ಕೊಳ್ಳಬಹುದಾದದ್ದು ಹೊಲಿಗೆ ಹಾಕಿದ ಚರ್ಮದ ಬೂಟು. ಮುಂದೆ ಹೇಳುವುದೆಲ್ಲ ಅದರ ಬಗ್ಗೆಯೇ.

ಕಾಲು ಅಳೆಯಿರಿ, ನಂಬರ್ ನಂಬಬೇಡಿ

ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಲ್ಲಿ. ಉದ್ದದ ಬೆರಳಿನ ತುದಿಗೆ ಗುರುತು ಹಾಕಿ ಸ್ಕೇಲಿನಲ್ಲಿ ಅಳೆಯಿರಿ. ಎರಡೂ ಕಾಲು. ನನ್ನ ಎಡಗಾಲು ಬಲಗಾಲಿಗಿಂತ ಮೂರು ಮಿಲಿಮೀಟರ್ ಉದ್ದ ಅಂತ ಮೂವತ್ತು ದಾಟಿದ ಮೇಲೆ ಗೊತ್ತಾಯಿತು! ದೊಡ್ಡ ಕಾಲಿನ ಅಳತೆಯೇ ನಿಮ್ಮ ಅಳತೆ. ಅದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಯಾಕೆ ಇಷ್ಟು ರಗಳೆ ಅಂದರೆ, ಹಳೇ ಬೂಟುಗಳು ಎಲ್ಲೆಲ್ಲಿಂದಲೋ ಬಂದಿರುತ್ತವೆ. ಒಳಗೆ ‘8’ ಅಂತ ಬರೆದಿದ್ದರೆ ಅದು ಇಂಗ್ಲೆಂಡಿನ ಎಂಟಾ, ಅಮೆರಿಕದ ಎಂಟಾ? ನಾವು ಅಂಗಡಿಯಲ್ಲಿ ಕೇಳುವ ನಂಬರು ಇಂಗ್ಲೆಂಡಿನದು. ಅಮೆರಿಕದ ಗಂಡಸರ ನಂಬರು ಅದಕ್ಕಿಂತ ಹೆಚ್ಚು ಕಡಿಮೆ ಒಂದು ಜಾಸ್ತಿ ಇರುತ್ತದೆ, ಹೆಂಗಸರದ್ದು ಸುಮಾರು ಎರಡು ಜಾಸ್ತಿ. ಅಂದರೆ ಅಮೆರಿಕದ ಗಂಡಸರ 8 ನಮಗೆ ಸುಮಾರು 7. 42 ಅಂತಿದ್ದರೆ ಯುರೋಪಿನದು, ಅದು ನಮ್ಮ ಎಂಟರ ಆಸುಪಾಸು. ಇಂಗ್ಲೆಂಡಿನ ಲೆಕ್ಕದಲ್ಲಿ ಒಂದು ನಂಬರ್ ಅಂದರೆ ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿಲಿಮೀಟರ್. ಅಷ್ಟು ಕಡಿಮೆಯಾದರೆ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ.

ಇನ್ನೂ ಒಂದು ಮಾತು. ಇದನ್ನು ಕೇಳಿ ನಗಬೇಡಿ. ಎರಡೂ ಬೂಟಿನ ನಂಬರ್ ನೋಡಿ. ನನ್ನ ಎರಡನೇ ಜೊತೆಯಲ್ಲಿ ಬಲದ್ದು 8, ಎಡದ್ದು 9. ರಾಶಿಯಲ್ಲಿ ಎರಡು ಜೊತೆ ಅದಲುಬದಲಾಗಿತ್ತು. ಮನೆಗೆ ಬಂದ ಮೇಲೆ ಗೊತ್ತಾಗಿ ಮುಂದಿನ ಭಾನುವಾರ ಓಡಿದೆ. ಆ ಮಾರುವವನೂ ಇರಲಿಲ್ಲ, ಟಾರ್ಪಾಲೂ ಇರಲಿಲ್ಲ. ಉಳಿದ 9 ಮತ್ತು 8 ತಗೊಂಡುಹೋದ ಪುಣ್ಯಾತ್ಮ ಎಲ್ಲಿದ್ದಾನೋ, ಸಿಕ್ಕಿದ್ದರೆ ಇಬ್ಬರೂ ಬದುಕಿಕೊಳ್ಳುತ್ತಿದ್ದೆವು.

ಎಲ್ಲಿ ಹುಡುಕಬೇಕು

ಬೆಂಗಳೂರಿನಲ್ಲಿ ಇದ್ದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ಚಿಕ್ಕಪೇಟೆ ಸುತ್ತಮುತ್ತ ಭಾನುವಾರ ಬೆಳಿಗ್ಗೆ ಸೇರುವ ಬಜಾರು. ಕೆಲವರು ಸಂಡೇ ಬಜಾರ್ ಅಂತಾರೆ, ಕೆಲವರು ಚೋರ್ ಬಜಾರ್ ಅಂತಾರೆ. ದೇವಸ್ಥಾನದ ಮುಂದೆ ಕಳಕೊಂಡ ಚಪ್ಪಲಿ ಅಲ್ಲಿ ಸಿಗುತ್ತೆ ಅನ್ನುವ ಹಳೇ ತಮಾಷೆ ಇದೆಯಲ್ಲ, ಅದಕ್ಕೇ ಹೇಳುತ್ತೇನೆ, ಇನ್ನೂ ಟ್ಯಾಗ್ ಬಿಚ್ಚದ ಹೊಸ ಬೂಟು ಕಾಲು ಬೆಲೆಗೆ ಕೊಡುತ್ತೇನೆ ಅಂದರೆ ಸುಮ್ನೆ ನಕ್ಕು ಮುಂದೆ ಹೋಗಿ. ನಿಮಗೆ ಬೇಕಾದದ್ದು ಹಳೆಯದು.

ಬೇಗ ಹೋಗಿ. ಮೆಟ್ರೋದಲ್ಲಿ ಹೋಗುವವರು ಹಸಿರು ಮಾರ್ಗದ ಚಿಕ್ಕಪೇಟೆ ಸ್ಟೇಷನ್ನಿನಲ್ಲಿ ಇಳಿಯಬಹುದು, ಆದರೆ ಭಾನುವಾರ ಮೆಟ್ರೋ ಬೇರೆ ದಿನಕ್ಕಿಂತ ತಡವಾಗಿ ಶುರುವಾಗುತ್ತದೆ. ನಾನು ಬೈಕಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ಹೋಗುತ್ತೇನೆ. ಒಂದು ಭಾನುವಾರಕ್ಕೇ ಸಿಗುತ್ತೆ ಅಂದುಕೊಳ್ಳಬೇಡಿ. ನನಗೆ ಏಳೆಂಟು ಭಾನುವಾರ ಹಿಡಿಯಿತು, ಅದರಲ್ಲಿ ಮೂರು ಸಲ ಬರೀ ತಟ್ಟೆ ಇಡ್ಲಿ ತಿಂದುಕೊಂಡು ವಾಪಸ್ ಬಂದಿದ್ದೇನೆ.

ಆನ್‌ಲೈನಿನಲ್ಲೂ ಸಿಗುತ್ತದೆ, ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಹಳೇ ಬಟ್ಟೆ ಬೂಟು ಮಾರುವ ಇನ್‌ಸ್ಟಾಗ್ರಾಮಿನ ಥ್ರಿಫ್ಟ್ ಪುಟಗಳು. ಅಲ್ಲಿ ದುಡ್ಡು ಹಾಕುವ ಮುಂಚೆ ಈ ಫೋಟೋ ಕೇಳಿ: ಅಟ್ಟೆಯ ತಳ, ಎರಡೂ ಬೂಟು ಮೇಜಿನ ಮೇಲೆ ಇಟ್ಟು ಹಿಂದಿನಿಂದ ತೆಗೆದದ್ದು, ಬೆರಳು ಮಡಚುವ ಜಾಗ ಹತ್ತಿರದಿಂದ, ಲೇಸಿನ ಕೆಳಗಿರುವ ನಾಲಿಗೆಯ ಒಳಗಿನ ಲೇಬಲ್ಲು. ಒಳಗಿನ ಉದ್ದ ಎಷ್ಟು ಸೆಂಟಿಮೀಟರ್ ಅಂತಲೂ ಕೇಳಿ. "ಸೈಜ್ 8, ಕಂಡಿಷನ್ ಸೂಪರ್ ಬ್ರೋ" ಅಂತ ಬರೀ ಉತ್ತರ ಬಂದರೆ ಬಿಟ್ಟುಬಿಡಿ.

ಇಂಗ್ಲೆಂಡಿನಲ್ಲಿ ನೆಂಟರಿದ್ದರೆ ಅದಕ್ಕಿಂತ ಒಳ್ಳೆ ದಾರಿ ಇಲ್ಲ. ಅಲ್ಲಿ ಊರೂರಿಗೂ ಆಕ್ಸ್‌ಫ್ಯಾಮ್, ಬ್ರಿಟಿಷ್ ಹಾರ್ಟ್ ಫೌಂಡೇಷನ್ ತರಹದ ದತ್ತಿ ಸಂಸ್ಥೆಗಳ ಅಂಗಡಿಗಳಿವೆ, ಜನ ದಾನ ಕೊಟ್ಟ ಬಟ್ಟೆ ಬೂಟು ಮಾರುತ್ತಾರೆ. ತೊಂದರೆ ಅಂದರೆ ಬೂಟು ಭಾರ, ಊರಿಗೆ ಬರುವವರ ಸೂಟ್‌ಕೇಸಿನಲ್ಲಿ ಜಾಗ ಸಿಗುವುದು ಕಷ್ಟ. ನಿಮ್ಮದೇ ಸೈಜಿನ ಭಾವಮೈದುನ ಇದ್ದರೆ ಕಾಲಿಗೆ ಹಾಕಿಕೊಂಡೇ ವಿಮಾನ ಹತ್ತಲು ಹೇಳಿ.

ಕೈಗೆ ಸಿಕ್ಕಿದ ಮೇಲೆ

ಇಲ್ಲಿ ನಿಧಾನ ಮಾಡಿ. ನಮ್ಮ ರಿಪೇರಿಯವರು ನನಗೆ ಮೊದಲ ಸಲ ಹೇಳಿದ್ದು ಒಂದೇ ಮಾತು, "ಸಾರ್, ಅಟ್ಟೆ ಹೊಸದು ಹಾಕ್ಬಹುದು, ತೊಗಲು ಹೊಸದು ಹಾಕಕ್ಕಾಗಲ್ಲ." ಅಂದರೆ ರಿಪೇರಿ ಆಗದ್ದನ್ನು ಮೊದಲು ನೋಡಬೇಕು. ಲೇಸು ಹೋಗಿದೆಯಾ, ಬಣ್ಣ ಮಾಸಿದೆಯಾ, ಹೀಲು ಸವೆದಿದೆಯಾ, ಇದೆಲ್ಲ ಬೆಲೆ ಇಳಿಸಲಿಕ್ಕೆ ಒಳ್ಳೆಯದು ಅಷ್ಟೆ.

ಮೊದಲು ಒಂದು ಒದ್ದೆ ಕರ್ಚೀಫಿನಿಂದ ಬೆರಳು ಮಡಚುವ ಜಾಗವನ್ನು ಉಜ್ಜಿ. ಮಾರುವವರು ಕರಿ ಪಾಲಿಶ್ ದಪ್ಪಗೆ ಬಳಿದಿರುತ್ತಾರೆ, ಅದರ ಕೆಳಗೆ ಏನಿದೆ ಅನ್ನುವುದು ಉಜ್ಜಿದಾಗಲೇ ಗೊತ್ತಾಗುವುದು. ಸುಕ್ಕು ಇದ್ದರೆ ಪರವಾಗಿಲ್ಲ, ಚರ್ಮ ಅಂದ ಮೇಲೆ ಸುಕ್ಕು ಬೀಳಲೇಬೇಕು. ಸುಕ್ಕಿನ ಒಳಗೆ ಬಿರುಕು ಇದ್ದು ನಾರು ಕಂಡರೆ ಮಾತ್ರ ಬೇಡ. ಹೆಬ್ಬೆರಳಿನಿಂದ ಒತ್ತಿದಾಗ ಸುತ್ತ ಸಣ್ಣಸಣ್ಣ ಗೆರೆ ಮೂಡಿ ಬಿಟ್ಟಾಗ ಮಾಯವಾದರೆ ಸಾಮಾನ್ಯವಾಗಿ ಒಳ್ಳೆ ಚರ್ಮ. ಹಪ್ಪಳದ ಹಾಗೆ ಮೇಲಿನ ಪದರ ಎದ್ದು ಬರುತ್ತಿದ್ದರೆ ರೆಕ್ಸಿನ್ನು, ಅದಕ್ಕೆ ಮದ್ದಿಲ್ಲ.

ಆಮೇಲೆ ಹಿಮ್ಮಡಿಯ ಹಿಂಭಾಗವನ್ನು ಎರಡು ಬೆರಳಲ್ಲಿ ಹಿಸುಕಿ. ಒಳಗೊಂದು ಗಟ್ಟಿ ಪಟ್ಟಿ ಇರುತ್ತದೆ. ಅದು ಕುಸಿದುಹೋಗಿ ಮೆತ್ತಗಾಗಿದ್ದರೆ ನಿಮ್ಮ ಹಿಮ್ಮಡಿ ಒಳಗೆ ತೇಲಾಡುತ್ತದೆ.

ಈಗ ಕೈಯನ್ನು ಒಳಗೆ ತುದಿಯವರೆಗೆ ತೂರಿಸಿ. ಹೌದು, ಬರಿಗೈ. ಆಮೇಲೆ ತೊಳೆದುಕೊಂಡರಾಯಿತು. ಮೊಳೆ ಚುಚ್ಚುತ್ತಾ, ಲೈನಿಂಗ್ ಹರಿದಿದೆಯಾ, ಹಿಂದಿನವರ ಬೆರಳಿನ ಗುಳಿ ಎಷ್ಟು ಆಳ ಇದೆ, ಎಲ್ಲ ಬೆರಳಿಗೇ ಗೊತ್ತಾಗುತ್ತದೆ. ನನ್ನ ಕೆಂಪು ಬೂಟಿನಲ್ಲಿ ಮೊದಲ ಸಲ ಕೈ ಹಾಕಿದಾಗ ಐದೂ ಬೆರಳಿನ ಗುಳಿ ಒಂದೊಂದಾಗಿ ಸಿಕ್ಕಿದವು. ಕಿರುಬೆರಳಿನದು ಅಷ್ಟೇನೂ ಇಲ್ಲ, ಹೆಬ್ಬೆರಳಿನದು ಒಂದು ಹುಣಿಸೆ ಬೀಜ ಕೂರುವಷ್ಟು. ಒಂದು ಕ್ಷಣ ಯಾರದೋ ಕಾಲು ಮುಟ್ಟಿದ ಹಾಗೆ ಆಗಿ ಕೈ ಹಿಂದಕ್ಕೆ ತಗೊಂಡೆ. ಗುಳಿ ಆಳವಾಗಿ, ನಿಮ್ಮ ಕಾಲಿಗಿಂತ ಬೇರೆ ಜಾಗದಲ್ಲಿ ಇದ್ದರೆ ಆ ಬೂಟು ನಿಮ್ಮದಾಗಲ್ಲ. ಬೇರೆಯವರ ಚಪ್ಪಲಿ ಮೆಟ್ಟಬಾರದು ಅಂತ ಅಮ್ಮ ಹೇಳುವುದರಲ್ಲಿ ಇಷ್ಟರ ಮಟ್ಟಿಗೆ ಅರ್ಥ ಇದೆ.

ಕೊನೆಗೆ ತಿರುಗಿಸಿ ತಳ ನೋಡಿ. ಎರಡೂ ಬೂಟನ್ನು ಸಮ ಇರುವ ಜಾಗದಲ್ಲಿ ಇಟ್ಟು ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡಿ. ಹೀಲಿನ ಹೊರ ಅಂಚು ಸ್ವಲ್ಪ ಸವೆದಿರುವುದು ಸಹಜ, ತುಂಬಾ ಜನ ನಡೆಯುವುದೇ ಹಾಗೆ. ಬೂಟು ಪೂರ್ತಿ ಒಂದು ಕಡೆಗೆ ವಾಲಿಕೊಂಡಿದ್ದರೆ ಬೇಡ. ಅಂಚಿನ ಸುತ್ತ ಹೊಲಿಗೆ ಇದೆಯಾ ನೋಡಿ. ಸುಳ್ಳು ಹೊಲಿಗೆಯೂ ಇರುತ್ತದೆ, ಅಚ್ಚಿನಲ್ಲೇ ದಾರದ ಹಾಗೆ ಒತ್ತಿರುತ್ತಾರೆ. ಉಗುರು ಹಾಕಿ ಕೆರೆದು ನೋಡಿ, ನಿಜವಾದ ದಾರವಾದರೆ ಪ್ರತಿ ಹೊಲಿಗೆಯ ಎರಡೂ ತುದಿ ತೂತಿನೊಳಗೆ ಇಳಿದಿರುತ್ತದೆ. ಹೊಸ ಗಮ್ ವಾಸನೆ ಬಂದರೆ ನಿನ್ನೆ ಮೊನ್ನೆ ಅಂಟಿಸಿದ್ದಾರೆ ಅಂತ ಅರ್ಥ.

ಡಾಕ್ಟರ್ ಮಾರ್ಟೆನ್ಸ್ ಸಿಕ್ಕಿದರೆ

ಇದಕ್ಕೆ ಬೇರೆಯೇ ಬರೆಯಬೇಕು, ಯಾಕೆಂದರೆ ನಕಲು ಜಾಸ್ತಿ. ಇದರ ಕಥೆಯೂ ಚೆನ್ನಾಗಿದೆ. ಕ್ಲೌಸ್ ಮಾರ್ಟೆನ್ಸ್ ಅನ್ನುವ ಜರ್ಮನ್ ಡಾಕ್ಟರು 1945ರಲ್ಲಿ ಹಿಮದಲ್ಲಿ ಸ್ಕೀಯಿಂಗ್ ಮಾಡುವಾಗ ಕಣಕಾಲು ಪೆಟ್ಟು ಮಾಡಿಕೊಂಡರು. ನೋಯುವ ಕಾಲಿಗೆ ಮಿಲಿಟರಿ ಬೂಟಿನ ಗಟ್ಟಿ ಅಟ್ಟೆ ಆಗಲಿಲ್ಲ ಅಂತ ಗಾಳಿ ತುಂಬಿದ ಮೆತ್ತನೆ ಅಟ್ಟೆ ಮಾಡಿಕೊಂಡರು. ಇಂಗ್ಲೆಂಡಿನ ವೊಲಾಸ್ಟನ್ ಊರಿನ ಗ್ರಿಗ್ಸ್ ಕುಟುಂಬದವರು ಅದರ ಹಕ್ಕು ಕೊಂಡು ಬೂಟು ಮಾಡಿದರು. ಮಾರುಕಟ್ಟೆಗೆ ಬಂದ ದಿನ 1960ರ ಏಪ್ರಿಲ್ 1. ಒಂದು, ನಾಲ್ಕು, ಅರವತ್ತು, ಅದೇ 1460. ಈಗ ಫ್ಯಾಷನ್ ಅಂತಾರೆ, ಆಗ ಹಾಕುತ್ತಿದ್ದವರು ಪೋಸ್ಟ್‌ಮ್ಯಾನುಗಳು, ಫ್ಯಾಕ್ಟರಿ ಕೆಲಸಗಾರರು.

ಹಿಂದೆ ಎಳೆಯಲು ಇರುವ ಪಟ್ಟಿಯ ಮೇಲೆ ‘ಏರ್‌ವೇರ್’ ಅಂತ ಕೈಬರಹದ ತರಹ ಹಳದಿ ಅಕ್ಷರ ಇರುತ್ತದೆ. ನಕಲಿನವರು ಅದನ್ನೂ ಬರೆಯುತ್ತಾರೆ, ಅದಕ್ಕೇ ಅದೊಂದನ್ನೇ ನಂಬಬೇಡಿ, ಹಳದಿ ಹೊಲಿಗೆ ಕೆರೆದು ನೋಡಿ. ಇಂಗ್ಲೆಂಡಿನಲ್ಲೇ ಮಾಡಿದ್ದು ಅಂತ ಬರೆದಿದ್ದರೆ ಇನ್ನೂ ಬೆಲೆ. 2003ರಲ್ಲಿ ತಯಾರಿಕೆ ಬಹುಪಾಲು ಏಷ್ಯಾಕ್ಕೆ ಹೋಯಿತು, 2007ರಿಂದ ವೊಲಾಸ್ಟನ್‌ನಲ್ಲಿ ಮತ್ತೆ ಸ್ವಲ್ಪ ಸ್ವಲ್ಪ ಮಾಡುತ್ತಿದ್ದಾರೆ. ನನ್ನದು ಏಷ್ಯಾದ್ದೇ. ಅದರಿಂದ ನನ್ನ ಕಾಲಿಗೆ ಏನೂ ವ್ಯತ್ಯಾಸ ಆಗಿಲ್ಲ.

ಒಂದು ಎಚ್ಚರಿಕೆ: ಇದರ ಅಟ್ಟೆಯನ್ನು ಬಿಸಿ ಮಾಡಿ ಬೆಸೆದಿರುತ್ತಾರೆ, ನಮ್ಮ ರಸ್ತೆ ಬದಿಯಲ್ಲಿ ಅದೇ ತರಹದ ಅಟ್ಟೆ ಹಾಕಿಸುವುದು ಆಗಲ್ಲ. ಹೀಲು ಅರ್ಧ ಸವೆದಿದ್ದರೆ ರಬ್ಬರ್ ತುಂಡು ಅಂಟಿಸಬಹುದು. ಒಳಗಿನ ಗಾಳಿಗೂಡು ಕಾಣುವಷ್ಟು ಸವೆದು ತೂತಾಗಿದ್ದರೆ ತಗೊಳ್ಳಬೇಡಿ.

ಹಾಕಿ ನೋಡಿ, ಆಮೇಲೆ ಚೌಕಾಸಿ

ದಪ್ಪ ಸಾಕ್ಸ್ ಜೊತೆಗೆ ತಗೊಂಡು ಹೋಗಿ. ಎರಡೂ ಬೂಟು ಹಾಕಿ, ಲೇಸು ಕಟ್ಟಿ, ಹತ್ತು ಹೆಜ್ಜೆ ನಡೆಯಿರಿ. ಕಾಲು ಸಂಜೆಗೆ ಸ್ವಲ್ಪ ಊದುತ್ತದೆ, ನೀವು ಹೋಗಿರುವುದು ಬೆಳಿಗ್ಗೆ. ಅದಕ್ಕೇ ಮುಂದೆ ಒಂದು ಸೆಂಟಿಮೀಟರ್ ಆದರೂ ಜಾಗ ಇರಲಿ. ಉದ್ದ ಸ್ವಲ್ಪ ಜಾಸ್ತಿಯಾದರೆ ಒಳಗೆ ಇನ್‌ಸೋಲ್ ಅನ್ನುವ ಮೆತ್ತೆ ಹಾಕಿ ಸರಿ ಮಾಡಬಹುದು, ಕಮ್ಮಿಯಾದರೆ ಏನೂ ಮಾಡಕ್ಕಾಗಲ್ಲ. ಹಳೇ ಬೂಟಿನ ಒಂದು ಸುಖ ಅಂದರೆ ಅದು ಹೊಸದರಷ್ಟು ಕಚ್ಚಲ್ಲ. ಕಚ್ಚುವುದನ್ನೆಲ್ಲ ಮೊದಲಿನವರಿಗೇ ಕಚ್ಚಿ ಮುಗಿಸಿರುತ್ತದೆ.

ಇಷ್ಟ ಆಯಿತು ಅಂತ ಮುಖದಲ್ಲಿ ತೋರಿಸಬೇಡಿ. ನನ್ನ ಚೌಕಾಸಿ ನಡೆದದ್ದು ಹೀಗೆ.

"ಎಷ್ಟಣ್ಣ?"

"ಎರಡೂವರೆ ಸಾವಿರ ಸಾರ್. ಫಾರಿನ್ ಮಾಲು."

"ಹೀಲು ನೋಡಣ್ಣ, ಸವೆದುಹೋಗಿದೆ. ಲೇಸೂ ಇಲ್ಲ. ಸಾವಿರ ಕೊಡ್ತೀನಿ."

"ಬೋಣಿ ಟೈಮು ಸಾರ್, ಹಂಗೆಲ್ಲ ಕೇಳ್ಬೇಡಿ."

ನಾನು ಬೂಟು ಕೆಳಗಿಟ್ಟು ಪಕ್ಕದ ರಿಮೋಟುಗಳನ್ನು ನೋಡಲು ಶುರು ಮಾಡಿದೆ, ನಮ್ಮ ಮನೆಯಲ್ಲಿ ಟೀವಿಯೇ ಇಲ್ಲದಿದ್ದರೂ. ಆತ ಇನ್ನೊಬ್ಬರ ಜೊತೆ ಮಾತಾಡುತ್ತಲೇ "ಹದಿನೈದುನೂರು ಕೊಟ್ಟು ತಗೊಂಡೋಗಿ" ಅಂದ. ಸಾವಿರದ ನಾನೂರಕ್ಕೆ ಮುಗಿಯಿತು. ಬೋಣಿ ಅಂದರೆ ದಿನದ ಮೊದಲ ವ್ಯಾಪಾರ, ಗಿರಾಕಿ ಬರಿಗೈಲಿ ಹೋಗುವುದು ಅವರಿಗೆ ಇಷ್ಟ ಆಗಲ್ಲ, ಬೇಗ ಹೋದರೆ ಇದೂ ಒಂದು ಲಾಭ. ಆದರೆ ನೂರು ಇನ್ನೂರಕ್ಕೆ ಎಳೆದಾಡಬೇಡಿ, ನಾಲ್ಕು ಗಂಟೆಗೇ ಎದ್ದು ಮೂಟೆ ಹೊತ್ತು ಬಂದಿರುತ್ತಾರೆ.

ಮನೆಗೆ ತಂದ ಮೇಲೆ

ಒಳಗೆ ತರಬೇಡಿ. ನಮ್ಮ ಅಮ್ಮ ಒಂದು ವಾರ ಬಾಲ್ಕನಿಯಲ್ಲೇ ಇಡಿಸಿದರು, ಅದೇ ಸರಿಯಾಯಿತು.

ಲೇಸು, ಒಳಗಿನ ಇನ್‌ಸೋಲ್ ತೆಗೆದು ಬಿಸಾಡಿ. ಹೊಸದು ಎರಡೂ ಸೇರಿ ಮುನ್ನೂರು ನಾನೂರು ರೂಪಾಯಿ ಅಷ್ಟೆ. ಒಣ ಬ್ರಷ್ಷಿನಿಂದ ಮಣ್ಣು ಉದುರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬಕೆಟ್ಟಿನಲ್ಲಿ ನೆನೆಹಾಕುವುದು, ವಾಷಿಂಗ್ ಮಷೀನಿಗೆ ಹಾಕುವುದು ಮಾಡಬೇಡಿ. ಬೂಷ್ಟು ಹಿಡಿದಿದ್ದರೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಬಟ್ಟೆ ಅದ್ದಿ ಒರೆಸಿ. ಒಳಭಾಗವನ್ನು ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಬಹುದು, ಹೊರಗಿನ ಬಣ್ಣಕ್ಕೆ ತಾಗಿಸಬೇಡಿ, ಎದ್ದುಬರುತ್ತದೆ. ಆಮೇಲೆ ಹಳೇ ನ್ಯೂಸ್‌ಪೇಪರ್ ಉಂಡೆ ಮಾಡಿ ತುಂಬಿ ನೆರಳಿನಲ್ಲಿ ಎರಡು ದಿನ ಒಣಗಿಸಿ. ಬಿಸಿಲಿಗೆ ಇಟ್ಟರೆ ಚರ್ಮ ಬಿರಿಯುತ್ತದೆ. ಪೂರ್ತಿ ಒಣಗಿದ ಮೇಲೆ ಮೆಡಿಕಲ್ ಶಾಪಿನಲ್ಲಿ ಸಿಗುವ ಫಂಗಸ್ ಪೌಡರ್ ಒಳಗೆ ಉದುರಿಸಿ ಒಂದು ರಾತ್ರಿ ಬಿಡಿ. ವಾಸನೆ ಹೋಗದಿದ್ದರೆ ಅಡಿಗೆ ಸೋಡಾ ಒಂದು ಚಮಚ, ಬೆಳಿಗ್ಗೆ ಕೊಡವಿ.

ಸಕ್ಕರೆ ಕಾಯಿಲೆ ಇದ್ದು ಪಾದ ಜೋಮು ಹಿಡಿಯುವವರು ಈ ಹುಚ್ಚಿಗೆ ಬೀಳಬೇಡಿ. ಬೂಟು ಕಚ್ಚಿ ಗಾಯವಾದದ್ದೇ ಗೊತ್ತಾಗಲ್ಲ.

ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಅಂತ ಹತ್ತು ಜನ ಹೇಳುತ್ತಾರೆ. ಹಚ್ಚಿದರೆ ಬಣ್ಣ ಕಪ್ಪಾಗುತ್ತದೆ, ದಿನ ಕಳೆದಂತೆ ಕಮಟು ವಾಸನೆಯೂ ಬರಬಹುದು. ಬಣ್ಣ ಇಲ್ಲದ ಶೂ ಕ್ರೀಮು ತಗೊಂಡು ಹಳೇ ಬನಿಯನ್ ತುಂಡಿನಲ್ಲಿ ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಬಾಯಾರಿದ ಚರ್ಮ ಮೊದಲ ಸಲ ಹಚ್ಚಿದ್ದನ್ನು ನೋಡುತ್ತಿದ್ದ ಹಾಗೇ ಕುಡಿದುಬಿಡುತ್ತದೆ, ಎರಡನೇ ಸಲ ಹಚ್ಚಬೇಕು.

ಇಷ್ಟಾದ ಮೇಲೆ ರಿಪೇರಿಯವರ ಹತ್ತಿರ ತಗೊಂಡು ಹೋಗಿ, ಮುಂಚೆ ಹೋಗಬೇಡಿ, ಕೊಳಕು ಬೂಟು ಅವರ ಕೈಗೆ ಕೊಡುವುದು ಮರ್ಯಾದೆ ಅಲ್ಲ. ನಮ್ಮವರು ನನ್ನ ಕೆಂಪು ಬೂಟನ್ನು ತಿರುಗಿಸಿ, ಹೀಲು ನೋಡಿ, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ, ಮೂಸಿಯೂ ನೋಡಿದರು. ಎರಡು ಹೀಲಿಗೂ ರಬ್ಬರ್ ಕತ್ತರಿಸಿ ಅಂಟಿಸಿ ಅಂಚು ಉಜ್ಜಿ ಕೊಟ್ಟು 180 ರೂಪಾಯಿ ತಗೊಂಡರು. "ಎಷ್ಟಕ್ಕೆ ತಂದ್ರಿ?" ಅಂತ ಕೇಳಿದರು. ಹೇಳಿದೆ.

"ಇನ್ನೂ ಇನ್ನೂರು ಇಳಿಸ್ಬೋದಿತ್ತು ಬಿಡಿ," ಅಂದರು.